ಹಿಂದಿನ ಸಾಲಿನ ಮೂರು ಪ್ಲಗ್‌ಗಳು

ಮಾರುವವರು ಬಾನೆಟ್ ಎತ್ತುತ್ತಲೇ ಹೇಳಿದ ಮೊದಲ ಮಾತು "ಸ್ಪಾರ್ಕ್ ಪ್ಲಗ್ ಎಲ್ಲ ಹೊಸದು" ಅಂತ. ನಾನಿನ್ನೂ ಪ್ಲಗ್ ವಿಷಯ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಹಿಂದಿನ ಸಾಲಿನ ಮೂರೂ?" ಎಂದೆ. "ಎಲ್ಲ ಅಂದರೆ ಎಲ್ಲ" ಎಂದರು, ಸ್ವಲ್ಪ ಬೇಗನೇ.

ಗಾಡಿ ಮೂರು ಸಾಲು ಸೀಟಿನ ಕ್ರಾಸ್‌ಓವರ್. ಅಡ್ಡಲಾಗಿ ಕೂರಿಸಿದ ವಿ6 ಪೆಟ್ರೋಲ್ ಎಂಜಿನ್ (ಮೂರು ಮೂರರಂತೆ ಎರಡು ಸಾಲು, ಒಟ್ಟು ಆರು ಸಿಲಿಂಡರ್), ಓಡಿದ್ದು 1,38,400 ಕಿ.ಮೀ. ಕಂಪನಿಯ ಹೆಸರು ಬರೆಯುವುದಿಲ್ಲ; ಒಂದೇ ಗಾಡಿ ಬಿಚ್ಚಿ ಇಡೀ ಕಂಪನಿಗೆ ತೀರ್ಪು ಕೊಡುವುದು ಸರಿಯಲ್ಲ. ಇದರಲ್ಲಿ ಸಿಲಿಂಡರ್ ಡಿಆಕ್ಟಿವೇಶನ್ ಇದೆ, ಅಂದರೆ ಬೇಡದ ಹೊತ್ತಿನಲ್ಲಿ ಕೆಲವು ಸಿಲಿಂಡರ್‌ಗಳನ್ನು ಕೆಲಸ ಬಿಡಿಸಿ ಮಲಗಿಸುವ ವ್ಯವಸ್ಥೆ. ಹೆದ್ದಾರಿಯಲ್ಲಿ ಹಗುರಾಗಿ ಓಡುವಾಗ ಕ್ಯಾಬಿನ್ ಗೋಡೆಯ ಕಡೆಯ ಸಾಲು, ಅಂದರೆ 1, 2, 3ನೇ ಸಿಲಿಂಡರ್‌ಗಳು ಮಲಗುತ್ತವೆ. ರೇಡಿಯೇಟರ್ ಕಡೆಯ 4, 5, 6 ಯಾವತ್ತೂ ಮಲಗುವುದಿಲ್ಲ. ಮುಂದೆ ಮಾಡಿದ ಕೆಲಸವೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಒಂದೇ ಎಣ್ಣೆ, ಒಂದೇ ಪೆಟ್ರೋಲ್, ಒಂದೇ ಚಾಲಕ, ಅಷ್ಟೇ ಕಿಲೋಮೀಟರ್. ಒಂದು ಸಾಲು ಮಲಗುತ್ತದೆ, ಇನ್ನೊಂದು ಮಲಗುವುದಿಲ್ಲ. ಹೋಲಿಸಿ ನೋಡಲು ಬೇರೆ ಗಾಡಿ ಬೇಕಿಲ್ಲ.

ನೋಡಲು ಹೋದ ದಿನ

ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಮಾಡಿರಲಿಲ್ಲ, ಅದಕ್ಕೆ ಮೆಚ್ಚಬೇಕು. ಡಿಪ್‌ಸ್ಟಿಕ್ ಒರೆಸಿ ಅದ್ದಿದೆ: ಎಣ್ಣೆ ಕೆಳಗಿನ ಗುರುತನ್ನು ಮುಟ್ಟಿತ್ತು, ಅಷ್ಟೇ. ಎಣ್ಣೆ ಬದಲಿಸಿ ಎಷ್ಟು ದಿನವಾಯಿತು ಎಂದರೆ "ಈಚೆಗೆ".

ಗಾಡಿಯ ಗಣಕವನ್ನು ಓದುವ ಸ್ಕ್ಯಾನರ್ ಚುಚ್ಚಿದೆ. ದೋಷದ ಕೋಡ್ ಒಂದೂ ಇಲ್ಲ. ಇಲ್ಲಿಗೇ ಖುಷಿಪಟ್ಟು ಸ್ಕ್ಯಾನರ್ ಕಿತ್ತುಬಿಡುವವರೇ ಹೆಚ್ಚು. ಇನ್ನೊಂದು ಪುಟ ತಿರುಗಿಸಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಇಂಧನ ಆವಿಯ ಸ್ವಯಂಪರೀಕ್ಷೆಗಳು 'ಅಪೂರ್ಣ' ಎಂದು ತೋರಿಸುತ್ತಿದ್ದವು. ಅದರ ಕೆಳಗೆ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಅಂತ ಒಂದು ಸಾಲು ಇರುತ್ತದೆ. ಅಲ್ಲಿ 41 ಕಿ.ಮೀ. ಎಂದಿತ್ತು. 1,38,400 ಕಿಲೋಮೀಟರ್ ಓಡಿದ ಗಾಡಿಯ ನೆನಪನ್ನು ಯಾರೋ 41 ಕಿಲೋಮೀಟರ್ ಹಿಂದೆ ಒರೆಸಿದ್ದಾರೆ.

ರಸ್ತೆಗಿಳಿಸಿದೆ. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಏನೂ ಇಲ್ಲ, ರೇಷ್ಮೆಯ ಹಾಗೆ ಓಡಿತು. ತಣ್ಣಗಿರುವಾಗ ಈ ವ್ಯವಸ್ಥೆ ಕೆಲಸಕ್ಕೆ ಇಳಿಯುವುದೇ ಇಲ್ಲ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಸಿಕ್ಕಿಬೀಳದೆ ಪಾರಾಗುವುದು ಹೀಗೆ. ಇಪ್ಪತ್ತನೇ ನಿಮಿಷಕ್ಕೆ, 75–80ರ ವೇಗದಲ್ಲಿ, ಕಾಲು ಹಗುರ ಮಾಡಿದಾಗ ಹಸಿರು ಇಕೋ ದೀಪ ಹೊತ್ತಿತು. ಮೂರು ಎಣಿಸುವಷ್ಟರಲ್ಲಿ ಸೀಟಿನ ಕೆಳಗಿನಿಂದ ಒಂದು ನಡುಕ, ರಸ್ತೆಗೆ ಅಡ್ಡ ಗೀರಿದ ಉಬ್ಬುಗೆರೆಗಳ ಮೇಲೆ ಹೋದಂತೆ. ಗೇರ್ ಲಿವರ್ ಒಂದು ಮೆಟ್ಟಿಲು ಕೆಳಗೆ ಎಳೆದೆ. ದೀಪ ಆರಿತು, ನಡುಕ ನಿಂತಿತು. ಮತ್ತೆ ಡ್ರೈವ್‌ಗೆ ಹಾಕಿದೆ, ಎರಡೂ ಮರಳಿದವು. ಐದು ಸಲ ಮಾಡಿದೆ, ಐದು ಸಲವೂ ಅದೇ. ಈ ಗಾಡಿಯಲ್ಲಿ ಕೆಳಗಿನ ಗೇರ್ ಹಿಡಿದರೆ ಸಿಲಿಂಡರ್‌ಗಳು ಮಲಗುವುದಿಲ್ಲ. ಹಾಗಾಗಿ ತಪ್ಪು ಟೈರಿನದೋ ಆಕ್ಸಲ್‌ನದೋ ಅಲ್ಲ ಎನ್ನುವುದು ಸ್ಪ್ಯಾನರ್ ಮುಟ್ಟದೆಯೇ ಖಾತ್ರಿಯಾಯಿತು.

ನಿಲ್ಲಿಸಿ ಮಿಸ್‌ಫೈರ್ ಎಣಿಕೆ, ಅಂದರೆ ಯಾವ ಸಿಲಿಂಡರ್ ಎಷ್ಟು ಸಲ ಉರಿಯದೆ ತಪ್ಪಿತು ಎಂಬ ಲೆಕ್ಕ ತೆಗೆದೆ. ಮುಂದಿನ ಸಾಲು: ಸೊನ್ನೆ, ಸೊನ್ನೆ, ಸೊನ್ನೆ. ಹಿಂದಿನ ಸಾಲು: 3, 14, 1. ಹದಿನಾಲ್ಕು ಎರಡನೇ ಸಿಲಿಂಡರ್‌ನದು.

ಆದರೂ ಕೊಂಡೆ. ಗೇರ್‌ಬಾಕ್ಸ್ ಚೆನ್ನಾಗಿತ್ತು, ಬಾಡಿಗೆ ತುಕ್ಕಿರಲಿಲ್ಲ, ಕೂಲೆಂಟ್ ಶುದ್ಧವಾಗಿತ್ತು. ಸ್ಕ್ಯಾನರ್‌ನ ಪರದೆ ತೋರಿಸಿದ ಮೇಲೆ ಮಾರುವವರು ಎಂಜಿನ್ ಮೇಲ್ಭಾಗ ಬಿಚ್ಚುವ ಖರ್ಚಿನಷ್ಟು ಬೆಲೆ ಇಳಿಸಿದರು. ಒಳಗೇನಿದೆ ನೋಡಬೇಕೆಂಬ ಚಪಲವೂ ಇತ್ತು, ಸುಳ್ಳೇಕೆ ಹೇಳಲಿ.

ಮಲಗಿದವನ ಬಾಯಿಗೆ ಎಣ್ಣೆ ಹೋಗುವುದು ಹೇಗೆ

ಕೆಲಸಕ್ಕಿಂತ ಮೊದಲು ಇದು ತಲೆಯಲ್ಲಿ ಸ್ಪಷ್ಟವಾಗಿರಬೇಕು.

ಪೆಟ್ರೋಲ್ ಎಂಜಿನ್ ಹಗುರ ಕೆಲಸದಲ್ಲಿ ಥ್ರಾಟಲ್, ಅಂದರೆ ಗಾಳಿ ಬಿಡುವ ಬಾಗಿಲು, ಅರೆಮುಚ್ಚಿ ಓಡುತ್ತದೆ. ಮೂಗು ಅರ್ಧ ಹಿಡಿದುಕೊಂಡು ಓಡಿದ ಹಾಗೆ. ಗಾಳಿ ಎಳೆದುಕೊಳ್ಳುವುದಕ್ಕೇ ಶಕ್ತಿ ಪೋಲಾಗುತ್ತದೆ. ಅರ್ಧ ಸಿಲಿಂಡರ್‌ಗಳನ್ನು ಮಲಗಿಸಿದರೆ ಉಳಿದವು ಅದೇ ಕೆಲಸಕ್ಕೆ ಥ್ರಾಟಲ್ ಹೆಚ್ಚು ತೆರೆಯಬೇಕು, ಪೋಲು ಕಡಿಮೆಯಾಗುತ್ತದೆ. ಯೋಚನೆ ಹಳೆಯದು. 1981ರಲ್ಲಿ ಕ್ಯಾಡಿಲಾಕ್ 'ವಿ8-6-4' ಹೆಸರಿನಲ್ಲಿ ಇದನ್ನೇ ಮಾರಿತ್ತು. ಅಂದಿನ ಎಲೆಕ್ಟ್ರಾನಿಕ್ಸ್‌ಗೆ ಅಷ್ಟು ಚುರುಕು ಸಾಲಲಿಲ್ಲ, ಎಷ್ಟೋ ಜನ ಅದರ ತಂತಿ ಕಿತ್ತಿಸಿಕೊಂಡು ಓಡಿಸಿದರು.

ನನ್ನ ಎಂಜಿನ್‌ನಲ್ಲಿ ಮಲಗಿಸುವುದು ಎಣ್ಣೆಯ ಒತ್ತಡ. ತಿರುಗುವ ಉಬ್ಬು, ಅಂದರೆ ಕ್ಯಾಮ್, ಒತ್ತುವ ರಾಕರ್ ಆರ್ಮ್ (ಸನ್ನೆಗೋಲು) ಮತ್ತು ವಾಲ್ವ್ ಒತ್ತುವ ರಾಕರ್ ಆರ್ಮ್ ಬೇರೆ ಬೇರೆ. ನಡುವೆ ಒಂದು ಪಿನ್. ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಡುವ ಕವಾಟ) ತೆರೆದು ಎಣ್ಣೆ ನುಗ್ಗಿದರೆ ಪಿನ್ ಸರಿಯುತ್ತದೆ, ಕ್ಯಾಮ್ ತನ್ನ ಪಾಡಿಗೆ ತಿರುಗುತ್ತದೆ, ವಾಲ್ವ್ ಮುಚ್ಚಿಯೇ ಇರುತ್ತದೆ. ಪೆಟ್ರೋಲೂ ಬರುವುದಿಲ್ಲ. ಆದರೆ ಪಿಸ್ಟನ್ ಮಲಗುವುದಿಲ್ಲ. ಕ್ರ್ಯಾಂಕ್‌ಗೆ ಕಟ್ಟಿಹಾಕಿದ್ದರಿಂದ ಮೇಲೆ ಕೆಳಗೆ ಓಡುತ್ತಲೇ ಇರಬೇಕು.

ಶುರುವಿನಲ್ಲಿ ಒಳಗೆ ಸಿಕ್ಕಿಬಿದ್ದ ಅನಿಲ ಸ್ಪ್ರಿಂಗಿನಂತೆ ಕುಗ್ಗುತ್ತದೆ, ಹಿಗ್ಗುತ್ತದೆ. ಪ್ರತಿ ಕುಗ್ಗುವಿಕೆಯಲ್ಲಿ ಒಂದಿಷ್ಟು ಅನಿಲ ಪಿಸ್ಟನ್ ಸುತ್ತಲಿನ ರಿಂಗ್‌ಗಳ ಸಂದಿಯಿಂದ ಕೆಳಗೆ ಜಾರುತ್ತದೆ. ಕೆಲವು ಸುತ್ತು ಕಳೆಯುವಷ್ಟರಲ್ಲಿ ಒಳಗಿನ ಅನಿಲ ಕಡಿಮೆಯಾಗಿ, ಪಿಸ್ಟನ್ ಕೆಳಗಿಳಿದಾಗ ಮೇಲೆ ನಿರ್ವಾತದಂಥ ಎಳೆತ ಹುಟ್ಟುತ್ತದೆ. ಕೆಳಗಿನ ಕೋಣೆಯಲ್ಲಿ ಹಾರಾಡುತ್ತಿರುವ ಎಣ್ಣೆ ಆ ಎಳೆತಕ್ಕೆ ಮೇಲೆ ಬರುತ್ತದೆ. ಎದ್ದಿರುವ ಸಿಲಿಂಡರ್ ಆಗಿದ್ದರೆ ಆ ಎಣ್ಣೆ ಕೂಡಲೇ ಉರಿದುಹೋಗುತ್ತಿತ್ತು. ಇಲ್ಲಿ ಬೆಂಕಿಯೇ ಇಲ್ಲ. ಪ್ಲಗ್ ತುದಿ ತನ್ನ ಮೇಲಿನ ಕೊಳೆಯನ್ನು ತಾನೇ ಸುಟ್ಟುಕೊಳ್ಳಲು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮಲಗಿದ ಸಿಲಿಂಡರ್‌ನ ಪ್ಲಗ್ ತಣ್ಣಗಾಗುತ್ತದೆ. ಎಣ್ಣೆ ಅದರ ಮೇಲೆ ಕೂರುತ್ತದೆ, ಎದ್ದಾಗ ಅರೆಬರೆ ಸುಟ್ಟು ಮಸಿಯಾಗುತ್ತದೆ. ಆ ಮಸಿ ಪಿಸ್ಟನ್‌ನ ಎಣ್ಣೆ ರಿಂಗಿನ ರಂಧ್ರಗಳಲ್ಲೂ ತುಂಬುತ್ತದೆ. ಎಣ್ಣೆ ಗೀರಿ ಕೆಳಗೆ ಕಳಿಸಬೇಕಾದ ರಿಂಗ್ ಬಿಗಿದುಕೊಂಡರೆ ಇನ್ನಷ್ಟು ಎಣ್ಣೆ ಮೇಲೆ. ವರ್ಷಗಟ್ಟಲೆ ಇದೇ ಚಕ್ರ.

ಮೊದಲ ಶನಿವಾರ

ಮುಂದಿನ ಸಾಲಿನ ಮೂರು ಪ್ಲಗ್ ತೆಗೆಯಲು ಇಪ್ಪತ್ತು ನಿಮಿಷ ಸಾಕಾಯಿತು. ನಿಜಕ್ಕೂ ಹೊಸವು. ಹಿಂದಿನ ಸಾಲಿಗೆ ಕೈ ಹೋಗಬೇಕಾದರೆ ಈ ಎಂಜಿನ್‌ನಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಮೇಲಿನ ತುಂಡನ್ನೇ ಎತ್ತಬೇಕು: ಥ್ರಾಟಲ್ ಬಾಡಿ, ಎರಡು ಕೂಲೆಂಟ್ ಹೋಸ್, ಕಣ್ಣಿಗೆ ಕಾಣದ ಒಂದು ಬ್ರ್ಯಾಕೆಟ್. ಮಂತ್ರಕ್ಕಿಂತ ಉಗುಳೇ ಜಾಸ್ತಿ. ಮೊದಲು ಹಾಳಾಗುವ ಪ್ಲಗ್‌ಗಳನ್ನೇ ಕೈಗೆಟುಕದ ಜಾಗದಲ್ಲಿಟ್ಟಿದ್ದಾರೆ. ಹಾಗಾಗಿ ಅವನ್ನು ಯಾರೂ ಬದಲಿಸುವುದಿಲ್ಲ, ಹಾಗಾಗಿ ಅವು ಇನ್ನೂ ಬೇಗ ಹಾಳಾಗುತ್ತವೆ. ತೆರೆದ ಪೋರ್ಟ್‌ಗಳಿಗೆ ಬಟ್ಟೆ ತುರುಕಿದೆ. ಒಂದು ನಟ್ ಒಳಗೆ ಬಿದ್ದರೆ ಕಥೆ ಮುಗಿಯಿತು.

ಹಿಂದಿನ ಮೂರು ಪ್ಲಗ್‌ಗಳ ಬ್ರ್ಯಾಂಡೇ ಬೇರೆ. ಮುಟ್ಟಿಯೇ ಇರಲಿಲ್ಲ. 1 ಮತ್ತು 3 ಒಣ ಮಸಿ, 3ರ ಒಂದು ಮಗ್ಗುಲಲ್ಲಿ ಬೂದಿಬಣ್ಣದ ಹರಳು. 2ನೆಯದು ಒದ್ದೆ, ತುದಿ ಕಪ್ಪಗೆ ಮಿನುಗುತ್ತಿತ್ತು, ಬೆರಳಿಗೆ ಎಣ್ಣೆ ಅಂಟಿತು.

ಇಲ್ಲಿ ಆತುರಪಡಬಾರದು. ಪ್ಲಗ್‌ನ ಮೇಲ್ಭಾಗದಲ್ಲಿ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಕೂರುವ ಬಾವಿಯಲ್ಲಿ ಎಣ್ಣೆ ಇದ್ದರೆ ಅದು ವಾಲ್ವ್ ಕವರ್‌ನ ಸೀಲ್ ಸೋರಿಕೆ, ಚಿಕ್ಕ ಕೆಲಸ. ಎಣ್ಣೆ ತುದಿಯಲ್ಲಿದ್ದರೆ ಅದು ಉರಿಯುವ ಕೋಣೆಯಿಂದಲೇ ಬಂದದ್ದು. ನನ್ನ ಬಾವಿಗಳು ಒಣಗಿದ್ದವು.

ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರ್ ಹಿಡಿದಿಡುವ ಒತ್ತಡ, ಅಳೆದೆ. ಮುಂದಿನ ಸಾಲು 188, 190, 186 ಪಿಎಸ್‌ಐ. ಹಿಂದಿನದು 184, 187, 185. ಅಂದರೆ ಎಲ್ಲ ಸರಿ! ಮೆಕ್ಯಾನಿಕ್ ಕೊಟ್ಟ ಕಂಪ್ರೆಷನ್ ಚೀಟಿ ತೋರಿಸಿ "ಎಂಜಿನ್ ಗಟ್ಟಿಮುಟ್ಟು" ಎನ್ನುವವರನ್ನು ಇಲ್ಲಿ ನೆನೆಯಬೇಕು. ಒತ್ತಡ ಹಿಡಿಯುವುದು ಮೇಲಿನ ಎರಡು ರಿಂಗ್‌ಗಳು. ಎಣ್ಣೆ ರಿಂಗ್‌ಗೂ ಕಂಪ್ರೆಷನ್‌ಗೂ ಬಹುತೇಕ ಸಂಬಂಧವಿಲ್ಲ. ಸಾಲದ್ದಕ್ಕೆ ಮೇಲೆ ಬಂದ ಎಣ್ಣೆಯೇ ಸಂದಿ ಮುಚ್ಚಿ ಅಂಕಿಯನ್ನು ಇನ್ನಷ್ಟು ಚೆಂದ ಮಾಡುತ್ತದೆ. ಹಾಳಾದ ಸಿಲಿಂಡರ್ ಇತರ ಎರಡಕ್ಕಿಂತ ಹೆಚ್ಚು ತೋರಿಸಿದ್ದು ಅದಕ್ಕೇ ಇರಬಹುದು.

ಸತ್ಯ ಹೇಳಿದ್ದು ಬೋರೋಸ್ಕೋಪ್, ಪ್ಲಗ್ ರಂಧ್ರದಿಂದ ಒಳಗಿಳಿಸುವ ಸಣ್ಣ ಕ್ಯಾಮೆರಾ. 5ನೇ ಸಿಲಿಂಡರ್‌ನ ಪಿಸ್ಟನ್ ತಲೆ ಒಣಗಿದ ಮಣ್ಣಿನ ಬಣ್ಣ, ಅಂಚಿನವರೆಗೂ ಒಂದೇ ತೆರನಾದ ತೆಳು ಪದರ. 2ನೆಯದರಲ್ಲಿ ನಡುವೆ ದಪ್ಪ ಕರಿ, ಸುತ್ತ ಅಂಚಿನಲ್ಲಿ ಮಾತ್ರ ತೊಳೆದಿಟ್ಟ ಪಾತ್ರೆಯಂತೆ ಹೊಳೆಯುವ ಲೋಹದ ಉಂಗುರ. ಎಣ್ಣೆ ರಿಂಗ್ ಕಡೆಯಿಂದ ಏರಿ ಅಂಚನ್ನು ತೊಳೆಯುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಿಲಿಂಡರ್ ಗೋಡೆಯಲ್ಲಿ ಗೀರುಗಳಿರಲಿಲ್ಲ, ತಯಾರಿಯಲ್ಲಿ ಉಜ್ಜಿ ಮೂಡಿಸಿದ ಹೋನಿಂಗ್‌ನ ಅಡ್ಡಗೆರೆಗಳು ಕಾಣುತ್ತಿದ್ದವು. ಗೀರು ಕಂಡಿದ್ದರೆ ಮುಂದಿನದೇನನ್ನೂ ಮಾಡುತ್ತಿರಲಿಲ್ಲ; ಎಂಜಿನ್ ಇಳಿಸುವುದೊಂದೇ ದಾರಿ.

ನೆನೆಹಾಕಿದ ಮೂರು ರಾತ್ರಿ

ರಿಂಗ್ ಬದಲಿಸುವ ಮೊದಲು ಒಂದು ಪ್ರಯತ್ನ: ಮಸಿ ಕರಗಿಸುವ ದ್ರಾವಣವನ್ನು ಪ್ಲಗ್ ರಂಧ್ರದಿಂದ ಸುರಿದು ನೆನೆಹಾಕುವುದು. ಕ್ರ್ಯಾಂಕ್ ತಿರುಗಿಸಿ ಮೂರು ಪಿಸ್ಟನ್‌ಗಳನ್ನೂ ಆದಷ್ಟು ನಡುಮಟ್ಟಕ್ಕೆ ತಂದೆ, ಒಂದೊಂದಕ್ಕೆ 60 ಮಿ.ಲೀ. ಹಾಕಿದೆ. ವಿ ಎಂಜಿನ್‌ನಲ್ಲಿ ಸಿಲಿಂಡರ್ ವಾಲಿರುವುದರಿಂದ ದ್ರಾವಣ ಒಂದೇ ಮಗ್ಗುಲಿಗೆ ನಿಲ್ಲುತ್ತದೆ. ಹಾಗಾಗಿ ನಾಲ್ಕೈದು ಗಂಟೆಗೊಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ಚೂರು ಹಿಂದೆ ಮುಂದೆ ಆಡಿಸಬೇಕು.

ಬೆಳಿಗ್ಗೆ 1 ಮತ್ತು 3 ಖಾಲಿ. ದ್ರಾವಣ ರಿಂಗ್ ದಾಟಿ ಕೆಳಗೆ ಇಳಿದಿತ್ತು. 2ರಲ್ಲಿ ಹಾಕಿದ್ದು ಹಾಕಿದ ಹಾಗೇ ನಿಂತಿತ್ತು. ಹೊರಗೆಳೆದಾಗ ಡಿಕಾಕ್ಷನ್ ಬಣ್ಣ. ಎರಡನೇ ಸಲ ಹಾಕಿದ್ದು ಅರ್ಧ ಇಳಿಯಿತು. ಮೂರನೇ ಸಲ ಬೆಳಗಾಗುವಷ್ಟರಲ್ಲಿ ಪೂರ್ತಿ ಇಳಿದಿತ್ತು. ಆ ಖಾಲಿ ರಂಧ್ರ ನೋಡಿ ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಉಳಿದ ದ್ರವವನ್ನು ಸಿರಿಂಜ್ ಕೊಳವೆಯಿಂದ ಹೀರಿ, ಪ್ಲಗ್ ಹಾಕದೆ ಸ್ಟಾರ್ಟರ್ ತಿರುಗಿಸಬೇಕು. ಪ್ಲಗ್ ಹಾಕಿಬಿಟ್ಟು ತಿರುಗಿಸಿದರೆ ಒಳಗಿನ ದ್ರವ ಕುಗ್ಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡ್. ಇಂಧನ ಪಂಪಿನ ಫ್ಯೂಸ್ ತೆಗೆದೆ, ಕಾಯಿಲ್‌ಗಳ ತಂತಿಯ ಕನೆಕ್ಟರ್ ಕಿತ್ತೆ, ರಂಧ್ರಗಳ ಮೇಲೆ ಬಟ್ಟೆ ಹಾಸಿದೆ. ಎರಡರ ಮೇಲೆ ಹಾಸಿದೆ, ಮೂರನೆಯದನ್ನು ಮರೆತೆ. ಬಾನೆಟ್ ಒಳಗಿನ ಹೊದಿಕೆಯ ಮೇಲೆ ಇವತ್ತಿಗೂ ಒಂದು ಕಪ್ಪು ಕಾರಂಜಿಯ ಗುರುತಿದೆ. ಕನ್ನಡಕ ಹಾಕಿದ್ದೆ ಎಂಬುದೊಂದೇ ಬುದ್ಧಿವಂತಿಕೆ.

ದ್ರಾವಣ ಬೆರೆತ ಎಣ್ಣೆಯಲ್ಲಿ ಎಂಜಿನ್ ಓಡಿಸುವಂತಿಲ್ಲ. ಎಣ್ಣೆ, ಫಿಲ್ಟರ್ ಎರಡೂ ಬದಲಿಸಿದೆ, 0ಡಬ್ಲ್ಯೂ-20 ದರ್ಜೆಯ ತೆಳು ಎಣ್ಣೆ, ಕೈಪಿಡಿ ಹೇಳಿದ್ದೇ. ಎಂಜಿನ್ ತಳಕ್ಕೆ ಸೋರಿದ ಅನಿಲವನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಪಿಸಿವಿ ವಾಲ್ವ್ ಅಲುಗಾಡಿಸಿದರೆ ಸದ್ದೇ ಬರಲಿಲ್ಲ, ಅಂಟಿಕೊಂಡಿತ್ತು; ಅದೂ ಎಣ್ಣೆ ತಿನ್ನುವ ಗಿರಾಕಿಯೇ, ಹೊಸದು ಹಾಕಿದೆ. ಆರಕ್ಕೆ ಆರು ಹೊಸ ಇರಿಡಿಯಂ ಪ್ಲಗ್, ತಣ್ಣಗಿರುವಾಗ 18 ನ್ಯೂಟನ್ ಮೀಟರ್ ಬಿಗಿತ. ಸ್ಟಾರ್ಟ್ ಮಾಡಿದಾಗ ಬಂದ ಬಿಳಿಹೊಗೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಎಂಟು ನಿಮಿಷಕ್ಕೆ ನಿಂತಿತು.

ಸೊಲೆನಾಯ್ಡ್ ಜೋಡಣೆ

ಮ್ಯಾನಿಫೋಲ್ಡ್ ಹೇಗೂ ಬಿಚ್ಚಿದ್ದಾಗಲೇ ಮಲಗಿಸುವ ಸೊಲೆನಾಯ್ಡ್ ಜೋಡಣೆಯನ್ನೂ ಬಿಚ್ಚಿ ನೋಡಿದ್ದೆ. ಅದರ ತಳದ ಗ್ಯಾಸ್ಕೆಟ್‌ನಲ್ಲಿ ಕೂಡಿಸಿದ ಸಣ್ಣ ಜಾಲರಿ ಇರುತ್ತದೆ, ಎಣ್ಣೆ ಅದರ ಮೂಲಕವೇ ಒಳಗೆ ಹೋಗಬೇಕು. ಅರ್ಧದಷ್ಟು ಕಿಟ್ಟ ಕಟ್ಟಿತ್ತು. ಎಣ್ಣೆ ನಿಧಾನವಾಗಿ ಹೋದರೆ ಪಿನ್ ನಿಧಾನವಾಗಿ ಸರಿಯುತ್ತದೆ. ತಡ ಹೆಚ್ಚಾದರೆ ಗಣಕ ಪಿ3400 ಎಂಬ ಕೋಡ್ ಹಾಕುತ್ತದೆ. ಎಣ್ಣೆ ಮಟ್ಟ ಕಡಿಮೆಯಾದರೂ ಇದೇ ಕೋಡ್ ಬರಬಹುದು. ಬರೇ ಜಾರಿಕೆಗಲ್ಲದೆ ಕೈಕಾಲಿನ ಕೆಲಸಕ್ಕೂ ಎಣ್ಣೆಯನ್ನೇ ನಂಬಿದ ಎಂಜಿನ್ ಇದು. ಇಂಥ ಗಾಡಿ ಕೊಳ್ಳುವಾಗ ಎಣ್ಣೆ ಬದಲಿಸಿದ ರಸೀದಿಗಳ ಕಂತೆಯನ್ನು ನಾನು ಬಣ್ಣದ ಹೊಳಪಿಗಿಂತ ಮೊದಲು ನೋಡುತ್ತೇನೆ. ಗ್ಯಾಸ್ಕೆಟ್ ಗಟ್ಟಿಯಾಗಿ ಸೋರತೊಡಗಿತ್ತು, ಬದಲಿಸಿದೆ.

ನಡುಕ ಹೋಗಲಿಲ್ಲ

ಎರಡನೇ ವಾರ ಹೆದ್ದಾರಿಗೆ ಒಯ್ದೆ. ಇಕೋ ದೀಪ ಹೊತ್ತಿತು. ನಡುಕ ಶುರು. ಹೊಟ್ಟೆಯಲ್ಲಿ ಕಲಸಿದಂತಾಯಿತು. ಬದಿಗೆ ನಿಲ್ಲಿಸಿ ಮಿಸ್‌ಫೈರ್ ಎಣಿಕೆ ನೋಡಿದರೆ ಆರಕ್ಕೆ ಆರೂ ಸೊನ್ನೆ.

ಮಿಸ್‌ಫೈರ್ ಇಲ್ಲದೆ ನಡುಕವೇ? ಮೂರೇ ಸಿಲಿಂಡರ್‌ನಲ್ಲಿ ಓಡುವ ವಿ6 ಸ್ವಭಾವತಃ ಒರಟು. ಆ ಒರಟುತನ ಕ್ಯಾಬಿನ್‌ಗೆ ಬರದಂತೆ ತಡೆಯಲು ದ್ರವ ತುಂಬಿದ, ಗಣಕವೇ ಎದುರು ತಳ್ಳಿಸುವ ವಿಶೇಷ ಎಂಜಿನ್ ಮೌಂಟ್‌ಗಳಿರುತ್ತವೆ. ಮುಂದಿನ ಮೌಂಟ್‌ನ ಕೆಳಗೆ ಟಾರ್ಚ್ ಹಿಡಿದೆ: ಕಪ್ಪು ದ್ರವ ಒಣಗಿದ ಕಲೆ. ಒಳಗೆ ಏನೂ ಉಳಿದಿರಲಿಲ್ಲ. ಎರಡು ರೋಗ, ಒಂದೇ ಲಕ್ಷಣ. ಮೊದಲ ದಿನವೇ ಬಗ್ಗಿ ನೋಡಿದ್ದರೆ ಇದನ್ನೂ ಬೆಲೆಯಲ್ಲಿ ಇಳಿಸಿಕೊಳ್ಳಬಹುದಿತ್ತು. ಮೌಂಟ್ ಬದಲಿಸಿದ ಮೇಲೆ ನಡುಕ ಹೋಗಿ ಕಿವಿಗೊಟ್ಟರೆ ಕೇಳುವ ಒಂದು ಗುಂಯ್ ಮಾತ್ರ ಉಳಿಯಿತು.

ಮಲಗಿಸಬೇಕೋ ಬೇಡವೋ

ಈ ವ್ಯವಸ್ಥೆಯನ್ನೇ ಮೋಸಗೊಳಿಸುವ ದಾರಿಯೊಂದಿದೆ. ಕೂಲೆಂಟ್ ಸೆನ್ಸರ್‌ನ ತಂತಿಗೆ ಒಂದು ರೆಸಿಸ್ಟರ್ ಸೇರಿಸಿದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಗಣಕ ನಂಬುತ್ತದೆ, ಸಿಲಿಂಡರ್ ಮಲಗಿಸುವುದಿಲ್ಲ. ಕೆಲಸ ಮಾಡುತ್ತದೆ. ಆದರೆ ಎಂಜಿನ್ ಸುಡುತ್ತಿರುವಾಗಲೂ ಗಣಕಕ್ಕೆ ತಂಪು ಎನ್ನುವ ಸುಳ್ಳೇ ಹೋಗುತ್ತದೆ. ಫ್ಯಾನ್ ತಡವಾಗಿ ತಿರುಗುತ್ತದೆ. ಹೊಗೆ ನಿಯಂತ್ರಣದ ಜೊತೆ ಆಟವಾಡುವುದು ಬಹಳ ಕಡೆ ಕಾನೂನಿಗೆ ವಿರುದ್ಧವೂ ಹೌದು. ನಾನು ಹಾಕಲಿಲ್ಲ. ಕೊಳ್ಳುವವರು ಮಾತ್ರ ಸೆನ್ಸರ್ ತಂತಿಯಲ್ಲಿ ಹೊಸ ಟೇಪ್ ಸುತ್ತಿದೆಯೇ ನೋಡಬೇಕು. ಇದ್ದರೆ ಹಳೆಯ ಮಾಲೀಕರಿಗೆ ಯಾಕೆ ಅದರ ಅಗತ್ಯ ಬಿತ್ತು ಎಂದು ಕೇಳಬೇಕು.

ಉಳಿತಾಯ ಎಷ್ಟು ಎಂಬ ಲೆಕ್ಕಕ್ಕೆ ಒಂದು ಅಂದಾಜು: ಫೋಕ್ಸ್‌ವ್ಯಾಗನ್ 2012ರಲ್ಲಿ 1.4 ಲೀಟರ್ ಎಂಜಿನ್‌ನಲ್ಲಿ ಈ ತಂತ್ರ ತಂದಾಗ ಹೇಳಿಕೊಂಡದ್ದು ಯುರೋಪಿನ ಪರೀಕ್ಷಾ ಚಕ್ರದಲ್ಲಿ 100 ಕಿ.ಮೀ.ಗೆ ಸುಮಾರು 0.4 ಲೀಟರ್. ಅದರಲ್ಲಿ ಮಲಗುವುದು 2 ಮತ್ತು 3ನೇ ಸಿಲಿಂಡರ್. ಎಣ್ಣೆಯ ಒತ್ತಡದಿಂದಲ್ಲ, ಕ್ಯಾಮ್ ಮೇಲಿನ ತೋಳು ಪಕ್ಕಕ್ಕೆ ಜಾರುವುದರಿಂದ. ಮಾಜ್ದಾದ 2.5 ಲೀಟರ್ ಎಂಜಿನ್‌ನಲ್ಲಿ 1 ಮತ್ತು 4. ಅಲ್ಲಿ ತೊಂದರೆ ಎಣ್ಣೆಯದಾಗಿರಲಿಲ್ಲ, ಸಾಫ್ಟ್‌ವೇರ್‌ನದು: ರಾಕರ್ ಆರ್ಮ್ ಕಳಚಿಕೊಳ್ಳುವ ಅಪಾಯವಿದೆಯೆಂದು 2019ರಲ್ಲಿ ಸಿಎಕ್ಸ್-5 ಸೇರಿ ಅಮೆರಿಕದಲ್ಲೇ ಸುಮಾರು 2,62,000 ಗಾಡಿಗಳನ್ನು ಹಿಂದಕ್ಕೆ ಕರೆದು ಸಾಫ್ಟ್‌ವೇರ್ ಬದಲಿಸಿದರು. ಅಂಥ ಗಾಡಿ ನೋಡುತ್ತಿದ್ದರೆ ಚಾಸಿ ಸಂಖ್ಯೆ ಹಾಕಿ ಆ ಕೆಲಸ ಆಗಿದೆಯೇ ವಿಚಾರಿಸಿದರೆ ಸಾಕು, ಪ್ಲಗ್ ಕೀಳಬೇಕಿಲ್ಲ. ದೊಡ್ಡ ಎಸ್‌ಯುವಿಗಳ ಪುಶ್‌ರಾಡ್ ವಿ8ಗಳಲ್ಲಿ (ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಗಳಿಂದ ವಾಲ್ವ್ ತಳ್ಳುವಂಥವು) ಮಲಗಿಸುವುದು ಲಿಫ್ಟರ್‌ಗಳು, ಅಂದರೆ ಕ್ಯಾಮ್ ಮೇಲೆ ಕೂತು ಆ ಕಡ್ಡಿ ಎತ್ತುವ ಭಾಗಗಳು. ಅಲ್ಲಿ ತಣ್ಣಗಿನ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಕೇಳಿ ನಿಲ್ಲದೇ ಹೋದರೆ ನಾನಂತೂ ಕೈಮುಗಿದು ಹೊರಡುತ್ತೇನೆ. ಕೆಟ್ಟ ಲಿಫ್ಟರ್ ಒಂದೇ ಹೋಗುವುದಿಲ್ಲ, ಕ್ಯಾಮನ್ನೂ ತಿಂದುಕೊಂಡು ಹೋಗುತ್ತದೆ.

ನನ್ನ ಗಾಡಿಯ ಲೆಕ್ಕ ಡಿಪ್‌ಸ್ಟಿಕ್‌ನಲ್ಲಿದೆ. ಕೊಂಡ ಕೂಡಲೇ, ಬಿಚ್ಚುವ ಮುನ್ನ, ಎಣ್ಣೆಯನ್ನು ಮೇಲಿನ ಗುರುತಿಗೆ ತುಂಬಿ 1,500 ಕಿ.ಮೀ. ಓಡಿಸಿದ್ದೆ: 900 ಮಿ.ಲೀ. ಕುಡಿದಿತ್ತು. ನೆನೆಹಾಕಿದ ಮೇಲಿನ ಮೊದಲ 1,500ಕ್ಕೆ 400. ಅದರ ಮುಂದಿನ 1,500ಕ್ಕೆ 250, ಸಿಲಿಂಡರ್ ಮಲಗಿಸುತ್ತಲೇ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: 70–80ರಲ್ಲಿ ತೆವಳುವ ರಸ್ತೆಯಲ್ಲಿ ಒಂದು ಗೇರ್ ಕೆಳಗೆ ಹಿಡಿಯುತ್ತೇನೆ, ತೆರವಾದ ಹೆದ್ದಾರಿಯಲ್ಲಿ ಮಲಗಲು ಬಿಡುತ್ತೇನೆ.

1,46,200 ಕಿ.ಮೀ.

ಮೊನ್ನೆ ಮತ್ತೆ ಮ್ಯಾನಿಫೋಲ್ಡ್ ಎತ್ತಿದೆ. ಈ ಸಲ ಒಂದೂವರೆ ಗಂಟೆ, ಆ ಕಾಣದ ಬ್ರ್ಯಾಕೆಟ್‌ನ ಜಾಗ ಬೆರಳಿಗೆ ಗೊತ್ತಾಗಿದೆ. 5ನೆಯದನ್ನೂ 2ನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. 5ನೆಯದು ತಿಳಿಕಂದು. 2ನೆಯದು ಒಣಗಿದೆ, ತಿಳಿಕಂದೇ, ಆದರೆ ಒಂದು ಮಗ್ಗುಲಲ್ಲಿ ಉಗುರಿನಷ್ಟಗಲ ಕಪ್ಪು ನೆರಳು. ಎಣ್ಣೆ ಅಂಟಲಿಲ್ಲ. ಬೋರೋಸ್ಕೋಪ್‌ನಲ್ಲಿ ಅಂಚಿನ ಉಂಗುರ ಇನ್ನೂ ಇದೆ, ಹೊಳಪು ಕುಗ್ಗಿದೆ. ಫೋಟೋ ತೆಗೆದು ದಿನಾಂಕ ಬರೆದಿಟ್ಟೆ, ಅದೇ ಪ್ಲಗ್ ಅದೇ ರಂಧ್ರಕ್ಕೆ 18ಕ್ಕೆ ಬಿಗಿದೆ. ಬಿಚ್ಚಿದ್ದೆನಲ್ಲ ಎಂದು ಮತ್ತೊಂದು ಸಲ 60 ಮಿ.ಲೀ. ನೆನೆಹಾಕಲು ಕೈ ತುರಿಸಿತು. ಬಾನೆಟ್ ಹೊದಿಕೆಯ ಕಲೆ ಕಂಡು ಸುಮ್ಮನಾದೆ. ಮುಂದಿನ ಸಲ 1,56,000ಕ್ಕೆ.